ಹನ್ನೆರಡು ಬಾರಿ ಪಕ್ಕದಲ್ಲಿ

ಘಟನೆಗಳ ಕ್ರಮ ಹೀಗಿತ್ತು. ನವೆಂಬರ್ ತಿಂಗಳ ಎರಡನೆಯ ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹಿರುಮಾ ಕಚೇರಿಯ ಗಾಲಿ ಇರುವ ಕುರ್ಚಿಯನ್ನು ಕೂತಲ್ಲಿಂದಲೇ ಕಾಲಿನಿಂದ ತಳ್ಳಿಕೊಂಡು ಬಂದು ಆ ಮಾತು ಹೇಳಿದಳು. ಹನ್ನೊಂದಕ್ಕೆ ಕಝುಯೆ ನೆಲಮಾಳಿಗೆಯ ಉಗ್ರಾಣಕ್ಕೆ ಇಳಿದಳು. ಎರಡು ಗಂಟೆಗೆ ಸಭೆ ಸೇರಿತು. ಮೂರೂ ನಲವತ್ತಕ್ಕೆ ಮುಗಿಯಿತು. ಆಮೇಲೆ ಇದಿಷ್ಟನ್ನೂ ಎಷ್ಟು ಸಲ ಮನಸ್ಸಿನಲ್ಲಿ ಜೋಡಿಸಿ ನೋಡಿದರೂ, ಒಂಬತ್ತೂ ಹತ್ತಕ್ಕಿಂತ ಹಿಂದಿನ ಇಪ್ಪತ್ತೊಂದು ವರ್ಷಗಳನ್ನು ಯಾವ ಸಾಲಿನಲ್ಲಿ ಇಡಬೇಕೆಂಬುದು ಅವಳಿಗೆ ತಿಳಿಯಲಿಲ್ಲ.

"ಶಿರೈವಾ-ಸಾನ್, ಒಂದ್ನಿಮಿಷ ಬರ್ತೀರಾ? ಈ ಕ್ಯಾಪ್ಟನ್ ಸಾಯ್ಲೇಬೇಕು ಅಂತೇನೂ ಇರ್ಲಿಲ್ಲ, ಗೊತ್ತಾ?" ಎಂದು ಕಝುಯೆಯನ್ನು ಮನೆತನದ ಹೆಸರು ಹಿಡಿದು ಕರೆದಿದ್ದಳು ಹಿರುಮಾ. ಮೂವತ್ತೆರಡರ ಪ್ರೋಗ್ರಾಮರ್, ಬೆಳಗಿನ ಹೊತ್ತಿನಲ್ಲಿಯೇ ಉಪ್ಪು ಹಾಕಿ ಒಣಗಿಸಿದ ಹುಳಿ ಪ್ಲಮ್ ಹಣ್ಣನ್ನು ಬಾಯಲ್ಲಿಟ್ಟುಕೊಂಡು ಕೆಲಸ ಮಾಡುವವಳು. 'ಉಕ್ಕಿನ ಮುಸ್ಸಂಜೆ' ಎಂಬ ವಿಡಿಯೋ ಆಟ ಬಿಡುಗಡೆಯಾದಾಗ ಅವಳಿಗೆ ಹನ್ನೊಂದು ವರ್ಷ. ಆ ಆಟದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಕ್ಯಾಪ್ಟನ್ ಹಾಬೆಲ್ ತಾನು ಒಳಗೆ ಕುಳಿತು ನಡೆಸುವ ಬೂದುಬಣ್ಣದ ದೈತ್ಯ ಯಂತ್ರದೊಡನೆ ಶತ್ರುವಿನ ಹಡಗಿಗೆ ಡಿಕ್ಕಿ ಹೊಡೆದು ಸತ್ತಾಗ, ಎರಡು ದಿನ ಊಟ ಬಿಟ್ಟಿದ್ದಳಂತೆ. ಈಗ ಅದೇ ಆಟವನ್ನು ಈಗಿನ ಗೇಮ್ ಯಂತ್ರಗಳಿಗಾಗಿ ಮರಳಿ ಕಟ್ಟುವ ತಂಡದಲ್ಲಿ ಹಳೆಯ ಪ್ರೋಗ್ರಾಮಿನ ಬರಹವನ್ನು ಸಾಲುಸಾಲಾಗಿ ಬಿಡಿಸಿ ಓದುವುದು ಅವಳ ಪಾಲಿಗೆ ಬಂದಿತ್ತು. ಕಝುಯೆ ಪರದೆಯ ಕಡೆ ಬಾಗಿದಳು. ಬಾಗುವ ಮೊದಲೇ ಅಲ್ಲಿ ಏನಿರುತ್ತದೆಂಬುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಹುಬ್ಬು ಎತ್ತಬೇಕಾದ ಆ ಅರೆಕ್ಷಣದಲ್ಲಿ ತನ್ನ ಮುಖದ ಒಂದೊಂದು ಸ್ನಾಯುವೂ ಬೇರೆ ಬೇರೆ ಆಜ್ಞೆಗೆ ಕಾಯುತ್ತಿರುವುದು ಅವಳ ಅನುಭವಕ್ಕೆ ಬಂತು.

ಷರತ್ತು ಸರಳವಾಗಿತ್ತು. ಕಥಾನಾಯಕನಾದ ಹುಡುಗನ ಯಂತ್ರವೂ ಕ್ಯಾಪ್ಟನ್ನನ ಯಂತ್ರವೂ ರಣಭೂಮಿಯ ಅಕ್ಕಪಕ್ಕದ ಚೌಕಗಳಲ್ಲಿ ನಿಂತು, ಇಪ್ಪತ್ತಾರನೆಯ ಅಧ್ಯಾಯಕ್ಕೆ ಮೊದಲು ಒಟ್ಟು ಹನ್ನೆರಡು ಬಾರಿ ಜೊತೆಯಾಗಿ ಹೋರಾಡಿದ್ದರೆ, ಡಿಕ್ಕಿಯ ಕ್ಷಣದಲ್ಲಿ ಹುಡುಗ ಅಡ್ಡ ಬರುತ್ತಾನೆ, ಕ್ಯಾಪ್ಟನ್ ಬದುಕುತ್ತಾನೆ. ಒಂದು ಅಧ್ಯಾಯದಲ್ಲಿ ಎರಡಕ್ಕಿಂತ ಹೆಚ್ಚು ಎಣಿಸುವುದಿಲ್ಲ. ಇದನ್ನು ಆಟದಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಹೇಳದೆ ಇರುವುದೇ ಈ ಬಗೆಯ ಆಟಗಳ ಸಂಪ್ರದಾಯ. ಆದರೆ ಹದಿನೆಂಟನೆಯ ಅಧ್ಯಾಯದಲ್ಲಿ ಸೇನೆ ಎರಡಾಗಿ ಒಡೆದು ಅರ್ಧ ಚಂದ್ರನಿಗೆ ಹೋಗುತ್ತದೆ, ಅರ್ಧ ಭೂಮಿಯಲ್ಲಿ ಉಳಿಯುತ್ತದೆ. ಇದೂ ಸಂಪ್ರದಾಯವೇ. ಚಂದ್ರನಿಗೆ ಹೋಗುವ ಕ್ಯಾಪ್ಟನ್ನನ ಹೆಸರನ್ನು ಪ್ರೋಗ್ರಾಮಿನೊಳಗಿನ ಸೇನೆಯ ಪಟ್ಟಿಯಿಂದ ತೆಗೆದು, ಇಪ್ಪತ್ತೆರಡರಲ್ಲಿ ಅವನು ಮರಳಿದಾಗ ಹೊಸದಾಗಿ ಬರೆದುಕೊಳ್ಳಲಾಗುತ್ತಿತ್ತು. ಹೊಸ ಹೆಸರಿನ ಮುಂದೆ ಎಣಿಕೆ ಸೊನ್ನೆ. ಇಪ್ಪತ್ತೆರಡರಿಂದ ಇಪ್ಪತ್ತೈದರವರೆಗೆ ನಾಲ್ಕು ಅಧ್ಯಾಯ, ಅಧ್ಯಾಯಕ್ಕೆ ಎರಡು, ಒಟ್ಟು ಎಂಟು. ಹನ್ನೆರಡು ಆಗುವುದು ಸಾಧ್ಯವಿರಲಿಲ್ಲ.

"ನಾಲ್ಕೆಂಟ್ಲೆ ಲೆಕ್ಕ ಅಲ್ಲ ಇದು, ನಾಲ್ಕೆರಡ್ಲೆ," ಎಂದಳು ಹಿರುಮಾ. "ಒಂದ್ನೇ ಕ್ಲಾಸಿನ ಮಗೂಗೂ ಬರತ್ತೆ. ಇದನ್ನ ಯಾರ್ ಪರೀಕ್ಷೆ ಮಾಡಿದ್ರೋ ಮಹಾನುಭಾವ್ರು! ಜಗತ್ತೆಲ್ಲ ಇಪ್ಪತ್ತ್ ವರ್ಷದಿಂದ 'ಆಹಾ, ಏನ್ ಧೈರ್ಯ, ಗುಪ್ತ ದಾರೀನೇ ಇಟ್ಟಿಲ್ಲ' ಅಂತ ಕೈ ಮುಗೀತಿದೆ. ದಾರಿ ಇತ್ತು ಮಾರಾಯ್ರೇ, ಬಾಗಿಲಿಗೆ ಚಿಲಕ ಒಳಗಿಂದ ಬಿದ್ದಿತ್ತು ಅಷ್ಟೇ. ನೋಡಿ, ಬದುಕೋ ದೃಶ್ಯದ ಮಾತು ಪೂರ್ತಿ ಇದೆ ಇಲ್ಲಿ. ಧ್ವನೀನೂ ಇದೆ. ಕೇಳ್ತೀರಾ?"

"ಬೇಡ," ಎಂದಳು ಕಝುಯೆ. ತುಸು ಬೇಗನೆ ಹೇಳಿಬಿಟ್ಟಳು. ಆಮೇಲೆ, "ಮಧ್ಯಾಹ್ನ ಉಜಾವಾ-ಸಾನ್ ಬರ್ತಾರಲ್ಲ, ಅವ್ರ ಮುಂದೇನೇ ಕೇಳೋಣ," ಎಂದು ಸರಿಪಡಿಸಿದಳು. ಹಿರುಮಾ ಕಣ್ಣರಳಿಸಿ, "ಅವ್ರೇ ಬರೆದದ್ದು ಅಲ್ವಾ ಇದು! ಅಯ್ಯೋ, ಮುದುಕಪ್ಪ ಖುಷಿಯಿಂದ ಬಿದ್ದ್ ಹೋದ್ರೆ ಕಷ್ಟ," ಎಂದು ಕುರ್ಚಿಯನ್ನು ಹಿಂದಕ್ಕೆ ಉರುಳಿಸಿಕೊಂಡು ಹೋದಳು. ಗಾಲಿಯ ಸದ್ದು ನೆಲಹಾಸಿನ ಅಂಚು ದಾಟುವವರೆಗೂ ಕೇಳಿಸಿತು. ಕಝುಯೆ ತನ್ನ ಮೇಜಿಗೆ ಮರಳಿ, ಆ ದಿನ ಕಳಿಸಬೇಕಾಗಿದ್ದ ಎರಡು ಪತ್ರಗಳನ್ನು ಯಾವ ತಪ್ಪೂ ಇಲ್ಲದೆ ಬರೆದು ಕಳಿಸಿದಳು. ತಪ್ಪಿಲ್ಲದೆ ಬರೆಯಲು ಸಾಧ್ಯವಾದದ್ದು ಅವಳಿಗೆ ಅಸಹ್ಯವೆನಿಸಿತು.

ಗುರು ಸಾಯದೆ ಶಿಷ್ಯನ ಯಂತ್ರ ಮೇಲೇಳುವುದಿಲ್ಲ ಎಂದು ಆಟದ ಕಥೆ ಬರೆದ ಉಜಾವಾ ಆಗ ಹೇಳುತ್ತಿದ್ದರು. ಒಯಾಮಾ ನಿಲ್ದಾಣದ ಪಕ್ಕದ, ರೈಲು ದಾಟುವ ಗಂಟೆ ದಿನವಿಡೀ ಕೇಳಿಸುತ್ತಿದ್ದ ಹಳೆಯ ಕಚೇರಿಯಲ್ಲಿ, ಮೊಣಕಾಲಿನವರೆಗೆ ಪ್ಯಾಂಟು ಮಡಚಿ, ಚಪ್ಪಲಿ ಕಳಚಿದ ಪಾದಗಳನ್ನು ಇನ್ನೊಂದು ಕುರ್ಚಿಯ ಮೇಲಿಟ್ಟುಕೊಂಡು ಅವರು ಬರೆಯುತ್ತಿದ್ದ ರೀತಿ ಅವಳಿಗೆ ಸ್ಪಷ್ಟವಾಗಿ ಕಾಣುತ್ತದೆ. "ನಮ್ ಕಸುಬಿನ ಧರ್ಮ ಕಣಮ್ಮಾ ಇದು. ಅಪ್ಪ ಯಂತ್ರ ಕಟ್ಬೇಕು, ಮಗ ಒಲ್ಲೆ ಒಲ್ಲೆ ಅಂತ್ಲೇ ಏರ್ಬೇಕು, ಎದುರಾಳಿ ಮುಖವಾಡ ಹಾಕ್ಬೇಕು, ಹೊಡೆಯೋ ಮುಂಚೆ ಹೊಡೆತದ ಹೆಸರು ಕೂಗ್ಬೇಕು. ಅರ್ಧ ದಾರೀಲಿ ಗುರು ಸಾಯ್ಬೇಕು. ಇಷ್ಟಿಲ್ದಿದ್ರೆ ಆಡೋವ್ರು ಅನ್ನ ಹಾಕದ ಮನೆಯಿಂದ ಎದ್ದ್ ಬಂದ ಹಾಗೆ ಮುಖ ಮಾಡ್ತಾರೆ. ಆದ್ರೆ ಧರ್ಮಕ್ಕೂ ಒಂದು ಹಿತ್ತಿಲ ಬಾಗಿಲು ಇರ್ಬೇಕು. ನೂರು ಜನದಲ್ಲಿ ಒಬ್ಬ, ಹೇಳಿಸಿಕೊಳ್ದೆ, ಆ ಮುದುಕನ ಪಕ್ಕದಲ್ಲಿ ಸುಮ್ನೆ ಹೋಗಿ ಹೋಗಿ ನಿಂತಿರ್ತಾನೆ ನೋಡು. ಅವನಿಗೆ ಮಾತ್ರ ಬಾಗಿಲು ತೆಗೀಬೇಕು." ಆ ಬಾಗಿಲಿನ ದೃಶ್ಯಕ್ಕೆ ನಲವತ್ತು ಸಾಲು ಬರೆದಿದ್ದರು. ಧ್ವನಿಮುದ್ರಣದ ದಿನ ಗಾಜಿನ ಆಚೆ ನಿಂತು ಆ ಸಾಲುಗಳನ್ನು ಕೇಳಿದ ಮೇಲೆ ಅವರು ಒಂದು ಗಂಟೆ ಹೊತ್ತು ಕಾಣೆಯಾಗಿದ್ದರು. 

ಹನ್ನೊಂದಕ್ಕೆ ಅವಳು ಉಗ್ರಾಣಕ್ಕೆ ಇಳಿದಳು. ಕಂಪೆನಿ ಈ ಹೊಸ ಕಟ್ಟಡಕ್ಕೆ ಬಂದಾಗ ಹಳೆಯ ಕಾಗದಗಳನ್ನೆಲ್ಲ ಕಿತ್ತಳೆ ಹಣ್ಣಿನ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ತಂದಿದ್ದರು. ಪೆಟ್ಟಿಗೆಗಳ ಮೇಲೆ ನಗುವ ಹಣ್ಣುಗಳ ಚಿತ್ರವಿತ್ತು. ಆಗಿನ ಕಾಲದಲ್ಲಿ ಪರೀಕ್ಷೆಯ ಹಾಳೆಗಳು ಕಾಗದದ್ದೇ. ಒಂದೊಂದು ಸಾಲಿಗೆ ಒಂದೊಂದು ಪರಿಶೀಲನೆ. ಪರಿಶೀಲಿಸಿದವರು ಸಾಲಿನ ಕೊನೆಯ ಚೌಕದಲ್ಲಿ ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತಬೇಕು. ಮೂರನೆಯ ಪೆಟ್ಟಿಗೆಯ ತಳದಲ್ಲಿ ಹಾಳೆ ಸಿಕ್ಕಿತು. ಸಾಲು ಇನ್ನೂರ ಹದಿನಾಲ್ಕು: ಅಧ್ಯಾಯ ಇಪ್ಪತ್ತಾರು, ಷರತ್ತು ಪೂರೈಸದಿದ್ದರೆ ಹಾಬೆಲ್ ಸಾಯುತ್ತಾನೆ. ಮುದ್ರೆ. ಸಾಲು ಇನ್ನೂರ ಹದಿನೈದು: ಷರತ್ತು ಪೂರೈಸಿದರೆ ಹಾಬೆಲ್ ಬದುಕುತ್ತಾನೆ. ಮುದ್ರೆ. ಎರಡೂ ಮುದ್ರೆಗಳಲ್ಲಿ 'ಮಿನೆಗಿಶಿ' ಎಂಬ ಅವಳ ತವರಿನ ಹೆಸರಿನ ಅಕ್ಷರಗಳು, ತಂದೆ ಅವಳ ಮೊದಲ ಕೆಲಸಕ್ಕೆಂದು ಕೊರೆಸಿಕೊಟ್ಟ ತೆಳುವಾದ ವರ್ತುಲದೊಳಗೆ. ಮೊದಲನೆಯದು ನೆಟ್ಟಗಿತ್ತು. ಎರಡನೆಯದು ಎಡಕ್ಕೆ ತುಸು ವಾಲಿತ್ತು. ಇಷ್ಟು ವರ್ಷ ಅವಳ ನೆನಪಿನಲ್ಲಿ ಎರಡೂ ನೆಟ್ಟಗಿದ್ದವು.

ಸುಳ್ಳು ಮುದ್ರೆ ಒತ್ತಿದಳೆಂದು ಹೇಳುವುದು ಸುಲಭ. ಆದರೆ ಆಗ ಪರೀಕ್ಷಕಿಯಾಗಿದ್ದ ಅವಳು ಆಡದೆ ಒತ್ತಿರಲಿಲ್ಲ. ಮೂವತ್ತೊಂದು ಗಂಟೆ ಆಡಿದ್ದಳು. ಮೊದಲ ಅಧ್ಯಾಯದಿಂದ ಶುರುಮಾಡಿ, ಹುಡುಗನನ್ನು ಕ್ಯಾಪ್ಟನ್ನನ ಪಕ್ಕದಲ್ಲಿ ನಿಲ್ಲಿಸಿ ನಿಲ್ಲಿಸಿ, ಪ್ರತಿ ಬಾರಿಯೂ ಹಾಳೆಯ ಅಂಚಿನಲ್ಲಿ ಒಂದು ಗೀಟು ಎಳೆದು. ಪರೀಕ್ಷಾ ಕೋಣೆಯಲ್ಲಿ ಏಳು ಜನ ಗಂಡಸರು, ಅವಳೊಬ್ಬಳು. ಅವಳ ಕೈ ನಿಧಾನ. "ಮಿನೆ-ಚಾನ್, ವೈರಿಗಳು ನಿನ್ ಸರದಿ ಕಾದೂ ಕಾದೂ ಮುಪ್ಪಾಗಿ ಸಾಯ್ತಿದಾರೆ ನೋಡು!" ಎಂದು ಒಬ್ಬ ಕೂಗಿದರೆ, "ಸಾಯ್ಲಿ ಬಿಡೋ, ಗುಂಡು ಉಳೀತು," ಎಂದು ಇನ್ನೊಬ್ಬ. ಅವಳೂ ನಗುತ್ತಿದ್ದಳು. ನಗದಿದ್ದರೆ ಹುಡುಗಿಗೆ ತಮಾಷೆ ತಿಳಿಯುವುದಿಲ್ಲ ಎನ್ನುತ್ತಾರೆ. ಐದನೆಯ ದಿನ ಸಂಜೆ ಇಪ್ಪತ್ತಾರನೆಯ ಅಧ್ಯಾಯ ಬಂತು. ಅಂಚಿನಲ್ಲಿ ಹದಿನೇಳು ಗೀಟುಗಳಿದ್ದವು. ಕ್ಯಾಪ್ಟನ್ ಸತ್ತ. ಅವಳು ಹಾಳೆಯನ್ನೂ ಪರದೆಯನ್ನೂ ನೋಡಿದಳು. ಹಾಳೆ ತಪ್ಪಿರಬೇಕು ಎಂದುಕೊಂಡಳು. ಎಲ್ಲೋ ಕರ್ಣದ ಚೌಕವನ್ನು ಪಕ್ಕದ ಚೌಕವೆಂದು ಎಣಿಸಿದ್ದೇನೆ. ಎಲ್ಲೋ ಅವನು ಹೊಡೆಯುವ ಮೊದಲೇ ಸರದಿ ಮುಗಿಸಿದ್ದೇನೆ. ಗೀಟು ಎರಡೆರಡು ಸಲ ಬಿದ್ದಿದೆ. ಸಾವಿರಾರು ಜನ ಆಡಿ ಹೊಗಳಲಿರುವ ಆಟದ ಲೆಕ್ಕಕ್ಕಿಂತ ಮಿನೆ-ಚಾನಳ ಲೆಕ್ಕ ತಪ್ಪಿರುವ ಸಂಭವ ಹೆಚ್ಚು. ಅದು ತರ್ಕಬದ್ಧವಾಗಿಯೇ ತೋರಿತು. ಮತ್ತೊಮ್ಮೆ ಆಡಲು ಮೂವತ್ತೊಂದು ಗಂಟೆ ಬೇಕು. ಆಟದ ಸಿ.ಡಿ.ಗಳು ಅಚ್ಚಿಗೆ ಹೋಗಲು ಎರಡೇ ದಿನವಿತ್ತು. ಎದ್ದು ನಿಂತು, "ಬದುಕ್ತಿಲ್ಲ, ನನ್ನಿಂದ ಆಗ್ತಿಲ್ಲ, ಯಾರಾದ್ರೂ ನೋಡ್ತೀರಾ?" ಎಂದು ಕೇಳಬಹುದಿತ್ತು. ಏಳು ತಲೆಗಳು ತಿರುಗುವುದನ್ನು ಅವಳು ಮೊದಲೇ ಕಂಡಳು. ಮುದ್ರೆಯನ್ನು ಕೆಂಪು ಮಸಿಗೆ ಒತ್ತಿದಳು.

ಇಷ್ಟನ್ನು ಅವಳು ಬೇರೆ ಬೇರೆ ವರ್ಷಗಳಲ್ಲಿ ತನ್ನಷ್ಟಕ್ಕೆ ತಾನೇ ಒಪ್ಪಿಕೊಂಡಿದ್ದಳು. ಇದರಲ್ಲಿ ಕ್ಷಮೆಗೆ ಸ್ಥಳವಿತ್ತು. ಒಪ್ಪಿಕೊಳ್ಳದ ಭಾಗ ಬೇರೆ. ಬೂದು ಯಂತ್ರ ಹಡಗಿನೊಳಕ್ಕೆ ನುಗ್ಗಿ, ಒಂದು ಕ್ಷಣ ಸದ್ದೆಲ್ಲ ನಿಂತು, ಆ ಮುದುಕನ ಧ್ವನಿ ಮಾತ್ರ "ಊಟ ಬಿಡ್ಬೇಡ ಕಣೋ" ಎಂದು ಹುಡುಗನಿಗೆ ಹೇಳಿದಾಗ ಅವಳು ಅತ್ತಿದ್ದಳು. ಏಳು ಗಂಡಸರು ಆ ಹೊತ್ತು ನಗಲಿಲ್ಲ. ಒಬ್ಬ ಕಾಗದದ ಕರವಸ್ತ್ರದ ಪೊಟ್ಟಣವನ್ನು ಮೇಜಿನ ಮೇಲೆ ಜಾರಿಸಿ, "ನೋಡ್ರೋ, ಆಟ ಗೆಲ್ತು," ಎಂದ. ಆ ಕ್ಷಣದಲ್ಲಿ, ಅಳುವಿನ ನಡುವೆಯೇ, ಇವನು ಸತ್ತದ್ದೇ ಸರಿ ಎಂದು ಅವಳಿಗೆ ಅನ್ನಿಸಿತ್ತು. ಬದುಕಿದರೆ ಇದು ಕೆಟ್ಟುಹೋಗುತ್ತದೆ ಎನ್ನಿಸಿತ್ತು. ಮುದ್ರೆ ಒತ್ತಿದ ಕೈಯಲ್ಲಿ ಭಯ ಎಷ್ಟಿತ್ತು, ಈ ಅಭಿರುಚಿ ಎಷ್ಟಿತ್ತು ಎಂಬುದನ್ನು ಪ್ರತ್ಯೇಕಿಸಲು ಅವಳಿಗೆ ಆಗಿರಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ಕೈಚೀಲಕ್ಕೆ ಸೇರಿಸಿದಳು. ಬಚ್ಚಿಡಲೋ ತೋರಿಸಲೋ ಎಂಬುದನ್ನು ಅವಳು ಆಗ ನಿರ್ಧರಿಸಿರಲಿಲ್ಲ. ಮದುವೆಯ ನಂತರ ಕಚೇರಿಯಲ್ಲಿ ಅವಳು ಶಿರೈವಾ. ಮಿನೆಗಿಶಿ ಎಂದರೆ ಯಾರೆಂದು ತಿಳಿದವರು ಈ ಕಟ್ಟಡದಲ್ಲಿ ಇಬ್ಬರೇ, ಅವಳೂ ಕುನಿಯೇದಾ ಅವರೂ. ಆಗ ಆಟದ ತಂಡದ ಮುಖ್ಯಸ್ಥರಾಗಿದ್ದ ಕುನಿಯೇದಾ ಈಗ ಕಂಪೆನಿಯ ನಿರ್ದೇಶಕರಲ್ಲೊಬ್ಬರು. ತಮಗೆ ಬೇಕಾದದ್ದನ್ನು ಮಾತ್ರ ನೆನಪಿಟ್ಟುಕೊಳ್ಳುವ ಅಭ್ಯಾಸದಿಂದ ಅವರ ಮುಖ ಅರವತ್ತರಲ್ಲೂ ನುಣುಪಾಗಿತ್ತು.

ಮಧ್ಯಾಹ್ನ ಅಂಗಡಿಸಾಲಿನ ಬೆಂಚಿನ ಮೇಲೆ ಕುಳಿತು ಅನ್ನದ ಉಂಡೆ ತಿಂದಳು. ಎದುರಿನ ಪಾತ್ರೆಯಂಗಡಿಯ ಮುದುಕಿ ಒಂದೇ ಕೆಟಲನ್ನು ಒರೆಸುತ್ತಲೇ ಇದ್ದಳು. ಆಟ ಬಿಡುಗಡೆಯಾದ ಮೇಲೆ ಐದು ತಿಂಗಳು ಉಜಾವಾ ಕಿಟಕಿಯ ಬಳಿ ಕುಳಿತು ಆಡಿದವರ ಕಾರ್ಡುಗಳನ್ನು ನೋಡುತ್ತಿದ್ದರು. ಪ್ರತಿ ಪೆಟ್ಟಿಗೆಯೊಳಗೂ ಅಭಿಪ್ರಾಯ ಬರೆದು ಕಳಿಸಲು ಒಂದು ಕಾರ್ಡು ಇಡುತ್ತಿದ್ದರಲ್ಲ, ಅವು. ದಿನಕ್ಕೆ ಅರವತ್ತು, ಎಂಬತ್ತು. ಕ್ಯಾಪ್ಟನ್ ಸತ್ತದ್ದಕ್ಕೆ ಅತ್ತವರು, ಬೈದವರು, ಕ್ಯಾಪ್ಟನ್ನನಿಗೆ ಮನೆಯಲ್ಲಿ ಧೂಪ ಹಚ್ಚಿದವರು. ಪ್ರತಿಯೊಂದನ್ನೂ ಹಿಂದೆ ಮುಂದೆ ತಿರುಗಿಸಿ, ಬಿಟ್ಟು, ಮುಂದಿನದನ್ನು ಎತ್ತುತ್ತಿದ್ದರು. ಬಾಗಿಲು ಕಂಡ ಒಬ್ಬನಿಗಾಗಿ ಕಾಯುತ್ತಿದ್ದರು. ಅವಳು ಚಹಾ ಕೊಡಲು ಹೋದಾಗ ತಲೆಯೆತ್ತದೆಯೇ, "ಇವತ್ತೂ ಇಲ್ಲ," ಎನ್ನುತ್ತಿದ್ದರು, ಚಹಾಕ್ಕೋ ಅವಳಿಗೋ. ಅವಳು ಲೋಟ ಇಟ್ಟು ಬರುತ್ತಿದ್ದಳು. ನೂರಕ್ಕೂ ಹೆಚ್ಚು ದಿನ ಹಾಗೆ ಲೋಟ ಇಟ್ಟು ಬಂದಿದ್ದಳು. ಆಮೇಲೆ ಒಂದು ಪತ್ರಿಕೆಯವರು ಕುನಿಯೇದಾ ಅವರನ್ನು, ಗುಪ್ತ ದಾರಿ ಇಡದಿರಲು ಕಾರಣವೇನೆಂದು ಕೇಳಿದರು. ಅವರು ಅರೆಗಳಿಗೆಯೂ ತಡವರಿಸದೆ, ಸಾವನ್ನು ಸಾವಾಗಿಯೇ ಉಳಿಸಬೇಕೆಂದು ತಾನು ನಿರ್ಧರಿಸಿದೆ ಎಂದರು. ಸಂಚಿಕೆ ಬಂದ ವಾರವೇ ಉಜಾವಾ ಕೆಲಸ ಬಿಟ್ಟರು. ಮೇಜಿನ ಕೆಳಗೆ ಚಪ್ಪಲಿ ಹಾಗೇ ಉಳಿದಿತ್ತು. ಅದನ್ನು ಕಸಕ್ಕೆ ಹಾಕಿದವಳೂ ಅವಳೇ.

ಎರಡು ಗಂಟೆಗೆ ಐದು ನಿಮಿಷವಿರುವಾಗ ಉಜಾವಾ ಬಂದರು. ಅರವತ್ತೆಂಟರ ದೇಹ ಚಿಕ್ಕದಾಗಿತ್ತು, ಬಲಗಿವಿಯಲ್ಲಿ ಶ್ರವಣಯಂತ್ರ. ತಂಡಕ್ಕೆಂದು ಸಿಹಿತಿಂಡಿಯ ಪೆಟ್ಟಿಗೆ ತಂದಿದ್ದರು. ಹಿರುಮಾ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ಸೊಂಟದವರೆಗೆ ಬಾಗಿ, "ಹನ್ನೊಂದ್ನೇ ವಯಸ್ಸಲ್ಲಿ ನನ್ನ ಎರಡ್ ದಿನ ಉಪವಾಸ ಕೆಡವಿದವ್ರು ನೀವೇ," ಎಂದಳು. "ಕ್ಯಾಪ್ಟನ್ ಊಟ ಬಿಡ್ಬೇಡ ಅಂದಿದ್ನಲ್ಲಮ್ಮಾ," ಎಂದರು ಉಜಾವಾ. "ಯಾರೂ ಮಾತೇ ಕೇಳಲ್ಲ." ಎಲ್ಲರೂ ನಕ್ಕರು. ಅನಂತರ ಅವರು ಕಝುಯೆಯತ್ತ ತಿರುಗಿ, ಜೇಬಿನಿಂದ ಪರಿಚಯಕ್ಕೆ ಕೊಡುವ ಹೆಸರಿನ ಚೀಟಿ ತೆಗೆದು, ಎರಡೂ ಕೈಗಳಿಂದ ಮುಂದೆ ಚಾಚಿ, "ಮೊದಲ ಸಲ ನೋಡ್ತಿರೋದು. ಉಜಾವಾ ಅಂತ," ಎಂದರು. ಕಝುಯೆ ತನ್ನ ಚೀಟಿಯನ್ನು ಗೌರವಕ್ಕೆಂದು ಅದಕ್ಕಿಂತ ಒಂದು ಬೆರಳು ಕೆಳಗೆ ಹಿಡಿದು ಕೊಟ್ಟಳು. ಶಿರೈವಾ, ಎಂದು ಅವರು ಓದಿ, ಒಳ್ಳೆಯ ಹೆಸರು ಎಂಬಂತೆ ತಲೆಯಾಡಿಸಿದರು. ಇಪ್ಪತ್ತೊಂದು ವರ್ಷ ಮನಸ್ಸಿನಲ್ಲಿ ಈ ಮನುಷ್ಯನ ಎದುರು ಅವಳು ದಿನವೂ ನಿಂತಿದ್ದಳು, ಅವರು ಒಂದು ದಿನವೂ ಅವಳೆದುರು ನಿಂತಿರಲಿಲ್ಲ. ಅವಮಾನಕ್ಕೆ ಇಷ್ಟು ಸಣ್ಣ ಅಳತೆ ಇರಬಹುದೆಂದು ಅವಳು ಎಣಿಸಿರಲಿಲ್ಲ.

ಹಿರುಮಾ ತಾನು ಕಂಡದ್ದನ್ನು ಪರದೆಯ ಮೇಲೆ ತೋರಿಸಿದಳು. ಪಟ್ಟಿ, ಚಂದ್ರ, ಸೊನ್ನೆ, ನಾಲ್ಕೆರಡ್ಲೆ ಎಂಟು. ಉಜಾವಾ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಕೋಣೆಯಲ್ಲಿ ಬಿಸಿಗಾಳಿಯ ಯಂತ್ರ ತನ್ನಷ್ಟಕ್ಕೆ ಉಸಿರಾಡುತ್ತಿತ್ತು.

"ಕುನಿಯೇದಾ," ಎಂದರು ಅವರು, ಎದುರಿಗೆ ಕುಳಿತಿದ್ದ ನಿರ್ದೇಶಕರಿಗೆ, 'ಸಾನ್' ಎಂಬ ಗೌರವದ ಪ್ರತ್ಯಯವಿಲ್ಲದೆ. "ಇದನ್ನ ನೀನ್ ಮಾಡ್ಸಿದ್ದಾ?"

"ಮಾಡ್ಸಿದ್ದೆ," ಎಂದರು ಕುನಿಯೇದಾ. ಸಿಹಿತಿಂಡಿಯ ಹೊದಿಕೆಯನ್ನು ಮೆಲ್ಲಗೆ ಬಿಡಿಸುತ್ತಿದ್ದರು. "ಕೊನೇ ವಾರ. ಹೀಗೇ ಎಣಿಕೆ ಅಳಿಸೋ ಹಾಗೆ ಮಾಡಿ ಅಂದೆ. ನಿಮ್ಗೆ ಹೇಳಿದ್ರೆ ನೀವು ಒಪ್ತಿರ್ಲಿಲ್ಲ. ತಪ್ಪೇ. ಆದ್ರೆ ನೋಡಿ, ಆಟ ಉಳೀತು. ಬೈಯೋದಿದ್ರೆ ಬೈದ್ಬಿಡಿ ಇವತ್ತು, ನಾನೇನ್ ಓಡ್ಹೋಗಲ್ಲ."

"ಬೈಯೋಕೆ ಹಲ್ಲೆಲ್ಲಿದೆ," ಎಂದರು ಉಜಾವಾ. ಆದರೆ ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಾಣಿಸಿಕೊಂಡಿತು. ಬಹುಕಾಲ ಹೊತ್ತ ವಸ್ತು ತನ್ನದೇ ಎಂದು ಖಚಿತವಾದವರ ನೆಮ್ಮದಿ.

ಕಝುಯೆ ಆ ನೆಮ್ಮದಿಯನ್ನು ನೋಡಿದಳು. ಕುನಿಯೇದಾ ಸುಳ್ಳು ಹೇಳುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು; ಅವರೇ ಅಳಿಸಿದ್ದರೆ ಹಾಬೆಲ್ ಬದುಕುವುದನ್ನು ಪರೀಕ್ಷಿಸುವ ಸಾಲು ಹಾಳೆಯಲ್ಲಿ ಉಳಿಯುತ್ತಿರಲಿಲ್ಲ. ಅಥವಾ ಅವರಿಗೆ ಅದು ಈಗ ಸುಳ್ಳಾಗಿ ಉಳಿದಿರಲಿಕ್ಕಿಲ್ಲ. ಪರಿಸ್ಥಿತಿಯನ್ನು ಅವಳು ಅಳೆದು ನೋಡಿದಳು. ಸುಮ್ಮನಿದ್ದರೆ ಕುನಿಯೇದಾ ಅವರ ನಿರ್ಧಾರ ಉಳಿಯುತ್ತದೆ, ಆಟದ ಕೀರ್ತಿ ಉಳಿಯುತ್ತದೆ, ಉಜಾವಾ ಅವರ ದ್ವೇಷಕ್ಕೆ ಇಷ್ಟು ದಿನ ಇದ್ದ ಆಧಾರ ಉಳಿಯುತ್ತದೆ, ಹಿರುಮಾಳ ಕೈಯಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ. ಯಾರಿಗೂ ನಷ್ಟವಿಲ್ಲ. ಇಷ್ಟು ಸಮತೋಲನದ ಮೌನ ಅವಳಿಗೆ ಹಿಂದೆ ಯಾವಾಗಲೂ ದೊರಕಿರಲಿಲ್ಲ. ಅದು ಕಿಟಕಿಯ ಬಳಿ ಲೋಟ ಇಟ್ಟು ಬರುವ ಕೈಯ ಮೌನವೇ ಆಗಿತ್ತು. ಅವಳು ಚೀಲದಿಂದ ಹಾಳೆ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಅಂಗೈಯಿಂದ ಸವರಿ ಚಪ್ಪಟೆಯಾಗಿಸಿದಳು.

"ಇನ್ನೂರ ಹದಿನೈದ್ನೇ ಸಾಲು ನೋಡಿ," ಎಂದಳು. "ಯಾರೂ ಮಾಡ್ಸಿದ್ದಲ್ಲ ಇದು. ತಪ್ಪು. ಪರೀಕ್ಷೇಲಿ ಸಿಗ್ಬೇಕಾಗಿತ್ತು. ಸಿಕ್ಕಿತ್ತು."

ಕುನಿಯೇದಾ ಹಾಳೆಯ ಮೇಲೆ ಬಾಗಿದರು. "ಮಿನೆಗಿಶಿ... ಆ ಹುಡ್ಗಿ ಆವಾಗ್ಲೇ ಕೆಲ್ಸ ಬಿಟ್ಟ್ ಹೋದ್ಲಲ್ವಾ?" ಎಂದು ಕಝುಯೆಯ ಕಣ್ಣನ್ನೇ ನೋಡುತ್ತ ಹೇಳಿದರು. ಬಾಗಿಲು ತೆರೆದು ಹಿಡಿದು ನಿಂತವರ ಧ್ವನಿ ಅದು. ಅದರಲ್ಲಿ ದಯೆಯೂ ಇತ್ತು.

"ಹೋಗಿಲ್ಲ. ನಾನೇ."

ಹಿರುಮಾಳ ಬಾಯಲ್ಲಿದ್ದ ಪ್ಲಮ್ಮಿನ ಬೀಜ ಹಲ್ಲಿಗೆ ತಗುಲಿ ಸದ್ದಾಯಿತು. ಬೆಳಿಗ್ಗೆ ತಾನು ಆಡಿದ ಮಾತು ನೆನಪಾಗಿ ಅವಳ ಕಿವಿ ಕೆಂಪಾದದ್ದನ್ನು ಕಝುಯೆ ಗಮನಿಸಿದಳು, ಮತ್ತು ಅದಕ್ಕಾಗಿಯೂ ತಾನೇ ಕ್ಷಮೆ ಕೇಳಬೇಕೆನ್ನಿಸಿತು. ಅವಳು ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಮೂವತ್ತೊಂದು ಗಂಟೆ, ಹದಿನೇಳು ಗೀಟು, ಏಳು ತಲೆಗಳು, ಮುದ್ರೆ. ಹೇಳುವಾಗ ತನ್ನ ಧ್ವನಿ ವರದಿ ಓದುವವರ ಧ್ವನಿಯಂತೆ ಸಮವಾಗಿರುವುದು ಕೇಳಿಸಿ, ಹೀಗೆ ಹೇಳಬಾರದು ಎನ್ನಿಸಿತು. ಬೇರೆ ಹೇಗೆ ಹೇಳಬೇಕೆಂಬುದು ಹೊಳೆಯಲಿಲ್ಲ. ಕೊನೆಗೆ, "ಅವನು ಸತ್ತದ್ದೇ ಚೆನ್ನಾಗಿದೆ ಅಂತಾನೂ ಅನ್ನಿಸ್ತು," ಎಂದು ಸೇರಿಸಿದಳು. ಅದನ್ನು ಹೇಳೆಂದು ಯಾರೂ ಕೇಳಿರಲಿಲ್ಲ.

ಉಜಾವಾ ಆ ವಾಲಿದ ಮುದ್ರೆಯ ಮೇಲೆ ಬೆರಳಿಟ್ಟರು. "ಚಹಾ ತರ್ತಿದ್ದ ಹುಡ್ಗಿ," ಎಂದರು.

"ಹೌದು."

"ಇಪ್ಪತ್ತೊಂದ್ ವರ್ಷ ಈ ನನ್ಮಗನ್ನ ಬೈಕೊಂಡ್ ಎದ್ದಿದೀನಿ, ಬೈಕೊಂಡ್ ಮಲಗಿದೀನಿ. ಹೆಂಡತಿ ಸತ್ತ ದಿನಾನೂ ಬಿಟ್ಟಿಲ್ಲ. ಈಗ ಬಂದು, ಅವನಲ್ಲ ನಾನು ಅಂತೀಯ. ನಿನ್ನ ಹೇಗಮ್ಮಾ ಬೈಯೋದು? ನಿನ್ ಮುಖಾನೇ ನಂಗ್ ನೆನಪಿಲ್ಲ." ಅವರು ನಗಲು ಯತ್ನಿಸಿದರು, ನಗು ಶ್ರವಣಯಂತ್ರದ ಕೀರಲಿನಲ್ಲಿ ಮುಗಿಯಿತು. ಅದನ್ನು ಕಿವಿಯಿಂದ ತೆಗೆದು, ತಿರುಗಿಸಿ, ಮತ್ತೆ ಹಾಕಿಕೊಂಡರು. "ಇದನ್ನ ಹೇಳ್ಬಿಟ್ಟು ನಿಂಗ್ ಸಮಾಧಾನ ಆಯ್ತಾ?"

"ಇಲ್ಲ."

"ಸದ್ಯ. ಆಗಿದೆ ಅಂದಿದ್ರೆ ಎದ್ದ್ ಹೋಗ್ತಿದ್ದೆ."

ಕುನಿಯೇದಾ ಏನೋ ಹೇಳಲು ಬಾಯಿ ತೆರೆದರು. ಉಜಾವಾ ಅವರತ್ತ ನೋಡದೆಯೇ, "ನೀನ್ ಸುಮ್ನಿರು. ಮಾಡ್ದೇ ಇರೋ ಪಾಪಕ್ಕೂ ಹಾರ ಹಾಕಿಸ್ಕೊಂಡೋನು," ಎಂದರು. ಕುನಿಯೇದಾ ಸಿಹಿತಿಂಡಿಯನ್ನು ಹೊದಿಕೆಯ ಮೇಲೆ ಇಟ್ಟರು. ತಾವು ನಿಜವಾಗಿಯೂ ಹಾಗೆ ನಿರ್ಧರಿಸಿದ್ದು ತಮಗೆ ನೆನಪಿದೆ, ಆ ದಿನ ಹೊರಗೆ ಗಾಳಿಯಿತ್ತು ಎಂಬುದೂ ನೆನಪಿದೆ, ಎಂದು ಅವರು ತಗ್ಗಿದ ಧ್ವನಿಯಲ್ಲಿ ಹೇಳಿದರು.  ಅವರು ಹೇಳಿದ್ದನ್ನು ಕಝುಯೆ ನಂಬಿದಳು.

"ಸರಿ ಮಾಡೋದೆಷ್ಟ್ ಹೊತ್ತಿನ ಕೆಲ್ಸ?" ಎಂದು ಉಜಾವಾ ಹಿರುಮಾಳನ್ನು ಕೇಳಿದರು.

"ಒಂದು ಸಾಲು. ಹತ್ ನಿಮಿಷ."

"ಹತ್ ನಿಮಿಷ," ಎಂದು ಅವರು ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿದರು. ಆಮೇಲೆ ಕಝುಯೆಗೆ, "ಹಾಗಾದ್ರೆ ನೀನ್ ಆಡು. ಮೊದಲಿಂದ. ಯಂತ್ರದ ಕೈಲಿ ಆಡಿಸ್ಬೇಡ, ನಿನ್ ಕೈಯಲ್ಲೇ ಆಡು. ಹನ್ನೆರಡ್ ಸಲ ಪಕ್ಕದಲ್ಲಿ ನಿಲ್ಸು. ಇಪ್ಪತ್ತಾರಕ್ಕೆ ಬಿಟ್ಬಿಡ್ಬೇಡ ಮತ್ತೆ, ಕೊನೇವರ್ಗೂ ಆಡು. ನಲವತ್ತೂ ಅಧ್ಯಾಯ. ಅವನು ಬದುಕಿದ್ರೆ ಹೇಗಿರ್ತಿತ್ತು ಅಂತ ನೋಡಿ ಬರೆದ್ ಕಳ್ಸು. ಏನ್ ಕಾಣಿಸ್ತೋ ಅದು. ಕ್ಷಮಾಪಣೆ ಗಿಮಾಪಣೆ ಬೇಡ. ನಂಗ್ ಬೇಕಾಗಿದ್ದದ್ದು ಯಾವತ್ತೂ ಅದೊಂದೇ ಕಾಗ್ದ." ಮೂರೂ ನಲವತ್ತಾಗಿತ್ತು. ಅವರು ಎದ್ದು, ಮೇಜಿನ ಅಂಚು ಹಿಡಿದು ನಡೆದು, ಬಾಗಿಲ ಬಳಿ ಯಾರಿಗೂ ಬಾಗದೆ ಹೊರಟುಹೋದರು.

ಹಿರುಮಾ ಆ ಒಂದು ಸಾಲನ್ನು ತಿದ್ದಿಕೊಟ್ಟ ಮೇಲೆ, ಗುರುವಾರದಿಂದ ಕಝುಯೆ ಆಡಿದಳು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಗಾಜಿನ ಗೋಡೆಯ ಚಿಕ್ಕ ಕೋಣೆಯಲ್ಲಿ. ಕೈ ಈಗಲೂ ನಿಧಾನವೇ. ಹೊರಗೆ ಹಾದುಹೋಗುವವರು ಒಳಗೆ ನೋಡಿ ಮುಖ ತಿರುಗಿಸುತ್ತಿದ್ದರು; ಬುಧವಾರದ ಸಭೆಯ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ತಲುಪಿತ್ತು. ಎರಡನೆಯ ದಿನ ಹಿರುಮಾ ಒಳಗೆ ಬಂದು ನೆಲದ ಮೇಲೆ ಕುಳಿತು, "ಒಂದ್ನೇ ಕ್ಲಾಸಿನ ಮಗು ಅಂದಿದ್ದೆ. ನಾಲಿಗೆ ಸುಟ್ಕೋಬೇಕು ನಾನು," ಎಂದಳು. "ಸರಿಯಾಗೇ ಹೇಳಿದ್ರಿ," ಎಂದಳು ಕಝುಯೆ. "ಈಗ ಬಲಕ್ಕೆ ಹೋಗ್ಲೋ ಎಡಕ್ಕೆ ಹೋಗ್ಲೋ, ಅದ್ ಹೇಳಿ." "ಬಲಕ್ಕೆ. ಅಲ್ಲ ಅಲ್ಲ, ಅದು ಕರ್ಣ! ಅಯ್ಯೋ, ಸರದಿ ಮುಗೀತು." ಇಬ್ಬರೂ ನಕ್ಕರು, ನಕ್ಕ ಮೇಲೆ ಕೋಣೆ ಮೊದಲಿಗಿಂತ ಇಕ್ಕಟ್ಟಾಯಿತು. ಹುಡುಗನನ್ನು ಕ್ಯಾಪ್ಟನ್ನನ ಪಕ್ಕದಲ್ಲಿ ನಿಲ್ಲಿಸುವುದಕ್ಕಾಗಿ ಅವಳು ಕೈಗೆ ಸಿಕ್ಕ ವೈರಿಗಳನ್ನು ಬಿಟ್ಟಳು, ಸುಲಭದ ಗೆಲುವುಗಳನ್ನು ಬಿಟ್ಟಳು. ಇಬ್ಬರೂ ಒಂದು ಸೇತುವೆಯ ಮೇಲೆ, ಒಂದು ಸುಟ್ಟ ಗೋದಾಮಿನ ಮುಂದೆ, ಹಿಮದಲ್ಲಿ, ಅಕ್ಕಪಕ್ಕ ನಿಂತರು. ಹಾಗೆ ನಿಲ್ಲಿಸುವುದರಿಂದ ಆಟಕ್ಕೆ ಯಾವ ಲಾಭವೂ ಇಲ್ಲವೆಂಬುದು ಅವಳ ಗಮನಕ್ಕೆ ಬಂತು. ಲಾಭವಿಲ್ಲದಿರುವುದಕ್ಕೇ ಉಜಾವಾ ಅದನ್ನು ಷರತ್ತಾಗಿ ಇಟ್ಟಿದ್ದರು. ಮೊದಲ ಬಾರಿ ಮೂವತ್ತೊಂದು ಗಂಟೆ ಗೀಟು ಎಳೆದವಳಿಗೆ ಅದು ಕಂಡಿರಲಿಲ್ಲ.

ಮುಂದಿನ ವಾರದ ಬುಧವಾರ ಮಧ್ಯಾಹ್ನ ಇಪ್ಪತ್ತಾರನೆಯ ಅಧ್ಯಾಯ ಬಂತು. ಬೂದು ಯಂತ್ರ ಹಡಗಿನತ್ತ ನುಗ್ಗಿತು; ಹುಡುಗನ ಯಂತ್ರ ಅಡ್ಡ ಬಂತು. ಉಜಾವಾ ಅವರ ನಲವತ್ತು ಸಾಲುಗಳು ಮೊಟ್ಟಮೊದಲ ಬಾರಿಗೆ ತಮ್ಮ ಸ್ಥಳದಲ್ಲಿ ನುಡಿದವು. ಅವು ಅವಳು ಊಹಿಸಿದ್ದಂತಿರಲಿಲ್ಲ. ಮುದುಕ ಹುಡುಗನಿಗೆ ಕೃತಜ್ಞತೆ ಹೇಳಲಿಲ್ಲ, ಬೈದ. ಯಾಕೆ ಅಡ್ಡ ಬಂದೆ, ನಾನು ಎಲ್ಲಾ ಸಿದ್ಧ ಮಾಡಿಕೊಂಡಿದ್ದೆ, ಬದುಕು ಅಂತೀಯಲ್ಲ, ಬದುಕಿ ಏನು ಮಾಡಲಿ ಹೇಳು, ಎಂದು ಉಸಿರು ಕಟ್ಟುವವರೆಗೆ ಬೈದ.  ಹುಡುಗ ಪಕ್ಕದಲ್ಲಿ ನಿಂತಿದ್ದ. ದೃಶ್ಯ ಅಲ್ಲಿಗೆ ಮುಗಿಯಿತು. ಅವಳಿಗೆ ಅಳು ಬರಲಿಲ್ಲ. ಎದ್ದು ನೀರು ಕುಡಿದು ಬಂದು, ಇಪ್ಪತ್ತೇಳನ್ನು ಆರಂಭಿಸಿದಳು.

ಎರಡು ದಿನಗಳ ನಂತರ, ಶುಕ್ರವಾರ ಸಂಜೆ ನಾಲ್ಕೂವರೆಗೆ ನಲವತ್ತನೆಯ ಅಧ್ಯಾಯ ಮುಗಿಯಿತು. ಮಾತಿನ ಕಡತವನ್ನು ಹಿರುಮಾಳಿಂದ ತರಿಸಿಕೊಂಡು, ಏನನ್ನಾದರೂ ತಾನು ಕಣ್ತಪ್ಪಿನಿಂದ ಬಿಟ್ಟಿರಬಹುದೆಂದು ಮೊದಲಿನಿಂದ ಕೊನೆಯವರೆಗೆ ಎರಡು ಬಾರಿ ಓದಿದಳು. ಈ ಬಾರಿ ತನ್ನ ಲೆಕ್ಕವನ್ನು ಅವಳು ಅನುಮಾನಿಸಲಿಲ್ಲ. ಉಜಾವಾ ಅವರ ವಿಳಾಸಕ್ಕೆ ಹೋಗಬೇಕಾದ ಹಾಳೆಯನ್ನು ಮುಂದಿಟ್ಟುಕೊಂಡು, ಅರ್ಧ ಗಂಟೆ ಕುಳಿತು, ಬರೆದಳು:

ಷರತ್ತು ಪೂರೈಸಿದರೆ ಹಾಬೆಲ್ ಬದುಕುತ್ತಾನೆ. ಇಪ್ಪತ್ತೇಳರಿಂದ ನಲವತ್ತರವರೆಗಿನ ಹದಿನಾಲ್ಕು ಅಧ್ಯಾಯಗಳಲ್ಲಿ ಅವನಿಗಾಗಿ ನೀವು ಬರೆದ ಮಾತು ಒಂದೂ ಇಲ್ಲ.